ಏಳು ಮನೆಯ ಬೆಟ್ಟಕ್ಕೆ ಒಂದೇ ಅಗಳ

ಶಿರಸಿ ಸೀಮೆಯ ನಮ್ಮೂರಲ್ಲಿ ಏಳು ಮನೆಗಳ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಒಂದಕ್ಕೊಂದು ತಾಗಿಕೊಂಡಿದೆ. ಘಟ್ಟದ ಮೇಲೆ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವುಂಟು. ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಕಿನ (ಉದುರಿದ ಒಣ ಎಲೆಯ) ಹಕ್ಕು ತೋಟಿಗರದ್ದು. ಅವರವರ ಪಾಲಿಗೆ ಅವರವರೇ ಮುಳ್ಳು ಬೇಲಿ ಕಟ್ಟುತ್ತಿದ್ದೆವು. ಒಂದು ಮಳೆಗಾಲಕ್ಕೆ ಅದು ಕೊಳೆತು ಬೀಳುತ್ತಿತ್ತು, ದನ ಒಳಗೆ ನುಗ್ಗುತ್ತಿದ್ದವು, ಒಂದು ಸಸಿಯೂ ಮೇಲೇಳುತ್ತಿರಲಿಲ್ಲ.

ಎಲ್ಲ ಬೆಟ್ಟ ಸೇರಿಸಿ ಸುತ್ತ ಒಂದೇ ಅಗಳ (ದನ ದಾಟದಂತೆ ತೋಡುವ ಕಂದಕ) ಹೊಡೆಸೋಣ ಎಂದಾಗ ದುಡ್ಡಿನ ಮಾತಿಗಿಂತ ಮೊದಲು ಬಂದದ್ದು ಭಯ: 'ನಾಳೆ ನನ್ನ ಗಡಿ ಯಾವುದು?' ನಮ್ಮನೆ ಜಗಲಿಯಲ್ಲಿ ಮೂರು ಸಂಜೆ ಅದೇ ಚರ್ಚೆ. ಕೊನೆಗೆ ಒಳಗಿನ ಗಡಿಕಲ್ಲುಗಳಿಗೆಲ್ಲ ಸುಣ್ಣ ಬಳಿದೆವು. ಸೊಪ್ಪು ಅವರವರ ಪಾಲಿನದು, ಅಗಳದ ಖರ್ಚು ಎಕರೆ ಲೆಕ್ಕದಲ್ಲಿ, ಒಮ್ಮೆ ಸೊಪ್ಪು ಕಡಿದ ಮರಕ್ಕೆ ಮರುವರ್ಷ ಕತ್ತಿ ತಾಗಿಸುವಂತಿಲ್ಲ. ಇಷ್ಟನ್ನು ಬರೆದು ಎಲ್ಲರೂ ಸಹಿ ಹಾಕಿದೆವು. ಗ್ರಾಮ ಅರಣ್ಯ ಸಮಿತಿಯವರನ್ನೂ ಕರೆದುಕೊಂಡು ಹೋಗಿ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೆವು.

ಕೆಲಸ ಶುರುವಾದ ದಿನ ಕೆಳಗಿನ ಕೇರಿಯ ಅಜ್ಜಿಯೊಬ್ಬರು ಬಂದು ನಿಂತರು. "ಹೆಗಡೇರೆ, ಅಗಳ ಹೊಡೆಸ್ರಿ, ಬ್ಯಾಡ ಅನ್ನಲ್ಲ. ನಾವು ಕಟ್ಟಿಗೆಗೆ ಯಾವ ಬದಿಯಿಂದ ಹೋಗೂದು?" ತೋಟವಿಲ್ಲದ ಆ ಮನೆಗಳವರು ನಮಗಿಂತ ಹೆಚ್ಚು ಸಲ ಬೆಟ್ಟ ಹತ್ತುವವರು. ಅವರನ್ನು ಕೇಳದೇ ಕಾಗದ ಬರೆದಿದ್ದೆವು! ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅಂದೇ ಎರಡು ಕಡೆ ಜನ ದಾಟಲು ದಣಪೆ (ಗೇಟಿನಂಥ ದಾರಿ) ಬಿಟ್ಟೆವು. ಒಣ ಕಟ್ಟಿಗೆ, ಬಿದ್ದ ಉಪ್ಪಾಗೆ ಹಣ್ಣು ಅವರಿಗೆಂದು ಅದೇ ಕಾಗದದಲ್ಲಿ ಸೇರಿಸಿದೆವು. ಮರುಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಹಸಿ ಟೊಂಗೆ ಹಿಡಿದು ಮೊದಲು ಓಡಿಬಂದವರು ಅವರೇ.

ಅಗಳದಲ್ಲೂ ಒಂದು ತಪ್ಪು ಮಾಡಿದೆವು. ಇಳಿಜಾರಿನುದ್ದಕ್ಕೂ ಎಲ್ಲೂ ತುಂಡು ಮಾಡದೆ ತೋಡಿಸಿದ್ದರಿಂದ ಜೂನ್ ಮಳೆಗೆ ಅದೇ ಹಳ್ಳವಾಯಿತು. ಕೆಂಪು ಮಣ್ಣು ಬಂದು ಕೆಳಗಿನ ತೋಟದ ಬಸಿಗಾಲುವೆ ಹೂತುಹೋಯಿತು. ಮಾರನೇ ವರ್ಷ ಹತ್ತು ಮಾರಿಗೊಂದು ಒಡ್ಡು ಹಾಕಿ ಅಗಳವನ್ನು ತುಂಡು ತುಂಡು ಮಾಡಿದೆವು. ಈಗ ನೀರು ಅಲ್ಲಲ್ಲೇ ನಿಂತು ಇಂಗುತ್ತದೆ, ದನವೂ ದಾಟುವುದಿಲ್ಲ. ಹೊಸದಾಗಿ ಹೊಡೆಸುವವರು ದಯವಿಟ್ಟು ಇದನ್ನು ಮೊದಲೇ ಮಾಡಿಸಿಕೊಳ್ಳಿ.

ಬೋಳಾಗಿದ್ದ ಹೊನ್ನೆ, ಮತ್ತಿಗಳು ಚಿಗುರಿವೆ. ಯಾರೂ ನೆಡದ ಉಪ್ಪಾಗೆ ಸಸಿಗಳು ದರಕಿನಡಿಯಿಂದ ಎದ್ದಿವೆ. ಮೊನ್ನೆ ಎಂಟನೆಯ ಮನೆಯವರು ಬಂದು ತಮ್ಮ ಬೆಟ್ಟವನ್ನೂ ಸೇರಿಸಿಕೊಳ್ಳಿ ಎಂದರು. ಈ ಸಲ ಮಾತುಕತೆಗೆ ಕೆಳಗಿನ ಕೇರಿಯವರನ್ನು ಮೊದಲೇ ಕರೆದಿದ್ದೇವೆ.