ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಸಾಗಿಸುವುದು ಹೇಗೆ? ಮೊದಲು ಹಿಂಬದಿಯ ಬೋಲ್ಟ್ ಹುಡುಕಿ

ಮನೆ ಬದಲಿಸುವಾಗ ವಾಷಿಂಗ್ ಮಷಿನ್ ವಿಷಯದಲ್ಲಿ ಎಲ್ಲರೂ ಜೋಪಾನ ಮಾಡುವುದು ಗಾಜಿನ ಬಾಗಿಲನ್ನು. ಆದರೆ ದಾರಿಯಲ್ಲಿ ಪೆಟ್ಟು ಬೀಳುವುದು ಒಳಗೆ. ಬಟ್ಟೆ ತಿರುಗುವ ಡ್ರಮ್, ಅದರ ಸುತ್ತಲಿನ ಟಬ್, ಮೋಟಾರು, ಭಾರಕ್ಕೆಂದು ಕೂರಿಸಿದ ಕಾಂಕ್ರೀಟ್ ತುಂಡು, ಇಷ್ಟೂ ಸ್ಪ್ರಿಂಗ್‌ಗಳಲ್ಲಿ ನೇತಾಡುತ್ತ, ಕೆಳಗೆ ಶಾಕ್ ಅಬ್ಸಾರ್ಬರ್ ಆಸರೆಯಲ್ಲಿ ಇರುತ್ತವೆ. ಏಳೆಂಟು ಕೆ.ಜಿ. ಬಟ್ಟೆ ಹಿಡಿಸುವ ಮಷಿನ್ ಸಾಮಾನ್ಯವಾಗಿ 60ರಿಂದ 75 ಕೆ.ಜಿ. ತೂಗುತ್ತದೆ. ಅದರಲ್ಲಿ ದೊಡ್ಡ ಪಾಲು ಹೀಗೆ ನೇತಾಡುವ ಭಾಗದ್ದೇ.

ಬಟ್ಟೆ ಹಿಂಡುವಾಗ ಈ ತೂಗಾಟ ಬೇಕೇ ಬೇಕು. ಪಿಕಪ್‌ನಲ್ಲಿ ಸಂಪಾಜೆ ಘಾಟಿಯ ತಿರುವು ಇಳಿಯುವಾಗ, ತೋಟದ ಮಣ್ಣು ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ಅದೇ ತೂಗಾಟ ಮಷಿನ್‌ಗೆ ಕಂಟಕ. ಸ್ಪ್ರಿಂಗ್ ಕೊಂಡಿಯಿಂದ ಕಳಚುತ್ತದೆ, ಶಾಕ್ ಅಬ್ಸಾರ್ಬರ್ ಮುರಿಯುತ್ತದೆ, ಟಬ್ ಹೊರಗಿನ ತಗಡಿಗೆ ಬಡಿದು ವಯರ್ ಕಿತ್ತುಬರುತ್ತದೆ. ಹೊರಗಿನಿಂದ ನೋಡಿದರೆ ಒಂದು ಗೀರೂ ಇರುವುದಿಲ್ಲ.

ಇದನ್ನು ತಡೆಯಲೆಂದೇ ಕಂಪನಿಯವರು ಹೊಸ ಮಷಿನ್‌ಗೆ ಟ್ರಾನ್ಸಿಟ್ ಬೋಲ್ಟ್, ಅಂದರೆ ಸಾಗಿಸುವಾಗ ಟಬ್ಬನ್ನು ತಗಡಿಗೆ ಬಿಗಿದಿಡುವ ಬೋಲ್ಟ್, ಹಾಕಿ ಕಳುಹಿಸುತ್ತಾರೆ. ಹಿಂಬದಿಯಲ್ಲಿ ಹೆಚ್ಚಿನವಕ್ಕೆ ನಾಲ್ಕು, ಕೆಲವಕ್ಕೆ ಮೂರು. ಇನ್‌ಸ್ಟಾಲ್ ಮಾಡಲು ಬಂದವರು ಅವನ್ನು ಬಿಚ್ಚಿ, ತೂತಿಗೆ ಪ್ಲಾಸ್ಟಿಕ್ ಮುಚ್ಚಳ ಒತ್ತಿ, ಬೋಲ್ಟನ್ನು ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಮನೆ ಬದಲಿಸುವ ಎರಡು ವಾರ ಮೊದಲೇ ಅವನ್ನು ಹುಡುಕಿ. ಸಿಗದಿದ್ದರೆ ಬಾಗಿಲ ಅಂಚಿನಲ್ಲೋ ಹಿಂಬದಿಯಲ್ಲೋ ಇರುವ ಸ್ಟಿಕ್ಕರ್‌ನಿಂದ ಮಾಡೆಲ್ ನಂಬರ್ ಬರೆದುಕೊಂಡು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ತರಿಸಿ. ಹಾರ್ಡ್‌ವೇರ್ ಅಂಗಡಿಯಿಂದ ಅಂದಾಜಿಗೆ ಬೋಲ್ಟ್ ತಂದು ತಿರುಗಿಸಬೇಡಿ. ಟ್ರಾನ್ಸಿಟ್ ಬೋಲ್ಟ್ ಜೊತೆ ದಪ್ಪನೆಯ ಪ್ಲಾಸ್ಟಿಕ್ ಅಥವಾ ರಬ್ಬರ್ ಬುಶ್ ಇರುತ್ತದೆ. ಟಬ್ ಅಲುಗದಂತೆ ಹಿಡಿಯುವುದು ಅದೇ. ಬರೀ ಬೋಲ್ಟ್ ಟಬ್ಬನ್ನು ಹಿಡಿಯುವುದಿಲ್ಲ, ಉದ್ದ ಹೆಚ್ಚಾದರೆ ಟಬ್ಬಿಗೇ ತೂತು.

ನೀರು ಖಾಲಿ ಮಾಡುವುದು

ನಲ್ಲಿ ಮುಚ್ಚಿ, ಪ್ಲಗ್ ಕೀಳಿ. ನೀರು ಬರುವ ಪೈಪನ್ನು ಬಕೆಟ್ಟಿನ ಮೇಲೆ ಹಿಡಿದು ಬಿಚ್ಚಿ, ಒಳಗಿನ ರಬ್ಬರ್ ವಾಷರ್ ಬೀಳದಂತೆ ನೋಡಿಕೊಳ್ಳಿ. ಹೊರಹೋಗುವ ಪೈಪನ್ನು ನೆಲಮಟ್ಟಕ್ಕೆ ಇಳಿಸಿ ಬಸಿಯಿರಿ. ಇಷ್ಟಕ್ಕೇ ನೀರೆಲ್ಲ ಹೋಯಿತೆಂದು ಬಿಟ್ಟುಬಿಡುವವರೇ ಹೆಚ್ಚು. ಪಂಪಿನಲ್ಲಿ ಇನ್ನೂ ಒಂದೆರಡು ಲೀಟರ್ ಉಳಿದಿರುತ್ತದೆ. ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳ ತೆರೆದು, ಅಗಲವಾದ ತಟ್ಟೆ ಇಟ್ಟು, ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ ಹೊರತೆಗೆಯಿರಿ. ನಾಣ್ಯ, ಹೇರ್‌ಪಿನ್, ನೂಲಿನ ಉಂಡೆ ಸಿಗುತ್ತವೆ. ತೊಳೆದು ವಾಪಸ್ ಬಿಗಿ ಮಾಡಿ. ಸೋಪಿನ ಡ್ರಾಯರ್ ಪೂರ್ತಿ ಹೊರತೆಗೆದು ಒರೆಸಿ ಬೇರೆ ಕಟ್ಟಿ. ಮಷಿನ್ ವಾಲಿದಾಗ ಅಲ್ಲಿನ ನೀರು ಹರಿಯುವುದು ಪಕ್ಕದ ಎಲೆಕ್ಟ್ರಾನಿಕ್ ಬೋರ್ಡಿನ ಕಡೆಗೆ.

ಬೋಲ್ಟ್ ಕೂರಿಸುವುದು

ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಇಬ್ಬರು ಬೇಕು. ಮಷಿನನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದು ಹಿಂದಿನ ಮುಚ್ಚಳಗಳನ್ನು ತೆಗೆಯಿರಿ. ಟಾರ್ಚ್ ಬಿಟ್ಟು ನೋಡಿ: ತಗಡಿನ ತೂತಿಗೂ ಒಳಗಿನ ಟಬ್ಬಿನ ತೂತಿಗೂ ನೇರ ಇರುವುದಿಲ್ಲ. ಟಬ್ ತನ್ನ ಭಾರಕ್ಕೆ ಸ್ವಲ್ಪ ಕೆಳಗೆ ಜಗ್ಗಿರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಓರೆಯಾಗಿಯೇ ಬೋಲ್ಟ್ ತುರುಕಿ ಸ್ಪ್ಯಾನರ್‌ನಿಂದ ಎಳೆದರೆ ಟಬ್ಬಿನ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೀರು) ಕಿತ್ತುಹೋಗುತ್ತದೆ. ಆಮೇಲೆ ಟಬ್ಬನ್ನೇ ಬದಲಿಸಬೇಕು.

ಸರಿಯಾದ ಕ್ರಮ ಹೀಗೆ. ಮುಂದೆ ನಿಂತವರು ಬಾಗಿಲು ತೆರೆದು, ಎರಡೂ ಕೈ ಡ್ರಮ್ಮಿನೊಳಗೆ ಹಾಕಿ, ಮೇಲ್ಭಾಗಕ್ಕೆ ಅಂಗೈ ಕೊಟ್ಟು ಡ್ರಮ್ಮನ್ನು ಮೆಲ್ಲಗೆ ಎತ್ತಿ ಹಿಂದಕ್ಕೆ ಒತ್ತಬೇಕು. ಬಾಗಿಲ ಸುತ್ತಲಿನ ರಬ್ಬರ್ ಹಿಡಿದು ಎಳೆಯಬಾರದು, ಹರಿಯುತ್ತದೆ. ಹಿಂದಿರುವವರು ತೂತು ನೇರವಾಗುವುದನ್ನು ನೋಡುತ್ತ ‘ಇನ್ನು ಸ್ವಲ್ಪ, ಹಾಂ, ನಿಲ್ಲಿ’ ಎಂದು ಹೇಳುತ್ತಿರಬೇಕು. ನೇರವಾದ ಕೂಡಲೇ ಬುಶ್ ಸಮೇತ ಬೋಲ್ಟ್ ಒಳಗಿಟ್ಟು, ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಓರೆ ಕೂತಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಹಾಕಿ. ಮೊದಲು ಮೇಲಿನ ಎರಡು, ಆಮೇಲೆ ಕೆಳಗಿನವು. ಎಲ್ಲವೂ ಕೂತ ಮೇಲೆ 10, 12 ಅಥವಾ 13 ಎಂಎಂ, ಯಾವುದು ಹಿಡಿಸುತ್ತದೋ ಆ ಸ್ಪ್ಯಾನರ್‌ನಲ್ಲಿ ಮೂಲೆಗೆ ಮೂಲೆ ಎದುರಾಗಿ ಬಿಗಿ ಮಾಡುತ್ತ ಹೋಗಿ. ಗಟ್ಟಿ ಎನಿಸಿದಲ್ಲಿ ನಿಲ್ಲಿಸಿ; ಟಬ್ ಪ್ಲಾಸ್ಟಿಕ್ಕಿನದು ಎನ್ನುವುದು ನೆನಪಿರಲಿ. ಈಗ ಡ್ರಮ್ಮನ್ನು ಒಳಗಿನಿಂದ ಅಲ್ಲಾಡಿಸಿ. ಇಡೀ ಮಷಿನ್ ಒಟ್ಟಿಗೆ ಅಲುಗಿದರೆ ಸರಿ. ಟಬ್ ಮಾತ್ರ ಕುಲುಕಿದರೆ ಯಾವುದೋ ಒಂದು ಬುಶ್ ಒಳಗೆ ಕೂತಿಲ್ಲ.

ಬೋಲ್ಟ್ ಸಿಗಲೇ ಇಲ್ಲ, ನಾಳೆಯೇ ಹೊರಡಬೇಕು ಎಂದಾದರೆ ಇರುವುದು ಒಂದೇ ದಾರಿ. ಹಿಂಬದಿಯ ಸ್ಕ್ರೂ ಬಿಚ್ಚಿ ಮೇಲಿನ ಹಲಗೆಯನ್ನು ಹಿಂದಕ್ಕೆ ಸರಿಸಿ ಎತ್ತಿ, ಟಬ್ಬಿಗೂ ತಗಡಿಗೂ ನಡುವೆ ನಾಲ್ಕೂ ಕಡೆ ಗಟ್ಟಿ ಫೋಮ್ ಅಥವಾ ಮಡಚಿದ ಹಳೆ ಕಂಬಳಿ ತುಂಬಿ, ವಯರ್ ಮೇಲೆ ಒತ್ತಡ ಬೀಳದಂತೆ. ಮಡಿಕೇರಿಯೊಳಗೆ ಒಂದು ಬೀದಿಯಿಂದ ಇನ್ನೊಂದಕ್ಕೆ ಇದು ಸಾಕು. ಮಂಗಳೂರಿಗೋ ಮೈಸೂರಿಗೋ ಆದರೆ ಬೋಲ್ಟ್ ಬರುವ ತನಕ ಮಷಿನ್ ಕಳುಹಿಸಬೇಡಿ. ಡ್ರಮ್ಮಿನೊಳಗೆ ಬೆಡ್‌ಶೀಟ್ ತುರುಕಿದರೆ ಸಾಕೆನ್ನುವ ಸಲಹೆಯಲ್ಲಿ ಹುರುಳಿಲ್ಲ. ಡ್ರಮ್ ಟಬ್ಬಿನೊಳಗಿದೆ, ಅಲುಗುವುದು ಟಬ್ಬೇ.

ಹೊರುವುದು, ಏರಿಸುವುದು

ಬಾಗಿಲು ಮುಚ್ಚಿ ಮಾಸ್ಕಿಂಗ್ ಟೇಪ್ ಅಂಟಿಸಿ. ಕಂದು ಪ್ಯಾಕಿಂಗ್ ಟೇಪ್ ಬೇಡ, ಕೀಳುವಾಗ ಬಣ್ಣ ಬರುತ್ತದೆ, ಅಂಟು ಉಳಿಯುತ್ತದೆ. ಸುತ್ತ ಕಂಬಳಿ, ಅದರ ಮೇಲೆ ಕಾಫಿ ತುಂಬುವ ಗೋಣಿ ಸುತ್ತಿ ಹಗ್ಗ ಕಟ್ಟಿ. ಮಳೆಗಾಲವಾದರೆ ಪ್ಲಾಸ್ಟಿಕ್ ಶೀಟ್ ಕಡ್ಡಾಯ. ಹಿಡಿಯಬೇಕಾದ್ದು ಕೆಳಗಿನ ಚೌಕಟ್ಟನ್ನು. ಬಾಗಿಲು, ಡ್ರಾಯರಿನ ಜಾಗ, ಮೇಲಿನ ಹಲಗೆಯ ಅಂಚು ಹಿಡಿದು ಎತ್ತಬಾರದು. ಮಡಿಕೇರಿ ಕಡೆಯ ಮನೆಗಳಿಗೆ ರಸ್ತೆಯಿಂದ ಹತ್ತಿಪ್ಪತ್ತು ಮೆಟ್ಟಿಲು ಸಾಮಾನ್ಯ. ಪಾಚಿ ಕಟ್ಟಿದ ಮೆಟ್ಟಿಲಾದರೆ ಹಿಂದಿನ ದಿನವೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಮೂವರು ಬೇಕು, ಹೆಚ್ಚು ಬಲದವರು ಕೆಳಗಡೆ.

ವಾಹನದಲ್ಲಿ ನೆಟ್ಟಗೆ ನಿಲ್ಲಿಸಿ, ಬೆನ್ನು ಕ್ಯಾಬಿನ್ ಕಡೆಗಿರಲಿ, ಹಗ್ಗ ಎರಡು ಎತ್ತರದಲ್ಲಿ ಬಿಗಿಯಾಗಲಿ. ಸ್ವಿಚ್ಚು ಗುಂಡಿಗಳ ಮೇಲೆ ಹಗ್ಗ ಹಾಯಬಾರದು. ಮಲಗಿಸಿದರೆ ಜಾಗ ಉಳಿಯುತ್ತದೆ ಎಂದು ಡ್ರೈವರ್ ಹೇಳಿದರೂ ಒಪ್ಪಬೇಡಿ.

ಹೊಸ ಮನೆಯಲ್ಲಿ

ಸ್ವಿಚ್ ಹಾಕುವ ಮೊದಲು ಬೋಲ್ಟ್ ಬಿಚ್ಚಿ. ಮರೆತು ಸ್ಪಿನ್ ಕೊಟ್ಟರೆ ಮಷಿನ್ ನೆಲದ ಮೇಲೆ ಕುಣಿಯುತ್ತದೆ, ಒಳಗೆ ಪೆಟ್ಟು ಬೀಳುತ್ತದೆ. ಬಿಚ್ಚಿದ್ದನ್ನು ಎಣಿಸಿ, ಕವರಿಗೆ ಹಾಕಿ ಮಷಿನ್ ಹಿಂಬದಿಗೇ ಅಂಟಿಸಿಬಿಡಿ. ತೂತುಗಳಿಗೆ ಮುಚ್ಚಳ ಹಾಕದೆ ಬಿಡಬೇಡಿ: ಇಲಿ ಹೊಕ್ಕರೆ ವಯರ್ ಉಳಿಯುವುದಿಲ್ಲ. ಫ್ರಿಜ್‌ನಂತೆ ಗಂಟೆಗಟ್ಟಲೆ ಕಾಯುವ ಅಗತ್ಯವಿಲ್ಲ. ದಾರಿಯಲ್ಲಿ ಮಳೆ ತಾಗಿದ್ದರೆ ಮಾತ್ರ ಒಂದು ದಿನ ಆರಲು ಬಿಡಿ.

ಹಲಗೆ ಹಾಸಿದ ಮಾಳಿಗೆ ಬೇಡ. ಸಿಮೆಂಟ್ ನೆಲವೇ ಆಗಬೇಕು. ಚಕ್ರದ ಪ್ಲಾಸ್ಟಿಕ್ ಸ್ಟ್ಯಾಂಡ್ ಕೊಳ್ಳಲೇಬೇಡಿ. ನಿಮಿಷಕ್ಕೆ 1000–1400 ಸುತ್ತು ತಿರುಗುವ ಮಷಿನ್‌ಗೆ ಕಾಲು ಗಟ್ಟಿ ನಿಲ್ಲಬೇಕು. ರಸಮಟ್ಟ ಇಟ್ಟು ನಾಲ್ಕು ಕಾಲನ್ನೂ ಹೊಂದಿಸಿ, ಎದುರುಬದುರು ಮೂಲೆ ಒತ್ತಿ ನೋಡಿ. ಕುಂಟದಿದ್ದರೆ ಲಾಕ್ ನಟ್ ಬಿಗಿ ಮಾಡಿ.

ಹೊರಹೋಗುವ ಪೈಪಿನ ತುದಿ ನೆಲದಿಂದ 60–100 ಸೆಂ.ಮೀ. ಎತ್ತರದಲ್ಲಿರಲಿ. ಬಚ್ಚಲಿಗೆ ನೇರ ಇಳಿಬಿಟ್ಟರೆ ತುಂಬಿದ ನೀರು ತುಂಬಿದಂತೆಯೇ ಸೋರಿಹೋಗುತ್ತದೆ. ನೀರು ಬಿಸಿ ಮಾಡುವ ಹೀಟರ್ ಸುಮಾರು 2000 ವ್ಯಾಟ್ ಎಳೆಯುವುದರಿಂದ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಪಾಯಿಂಟ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಆಗದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ.

ನಲ್ಲಿಗೆ ಸಿಕ್ಕಿಸಿ ಸ್ಕ್ರೂ ಬಿಗಿಯುವ ಅಗ್ಗದ ಪ್ಲಾಸ್ಟಿಕ್ ಅಡಾಪ್ಟರ್ ಎಂದಾದರೂ ಕಳಚಿಕೊಳ್ಳುವುದೇ. ಮುಕ್ಕಾಲು ಇಂಚಿನ ಮರೆ ಇರುವ ವಾಷಿಂಗ್ ಮಷಿನ್ ನಲ್ಲಿಯನ್ನೇ ಹಾಕಿಸಿ. ಟ್ಯಾಂಕ್ ಮಷಿನ್‌ಗಿಂತ ಕನಿಷ್ಠ ಮೂರು ಮೀಟರ್ ಮೇಲಿರಲಿ, ಇಲ್ಲದಿದ್ದರೆ ನೀರು ಸಾಲದೆ ಮಷಿನ್ ಅರ್ಧಕ್ಕೆ ನಿಲ್ಲುತ್ತದೆ. ಮನೆ ಹಿಂದಿನ ಬರೆಯ (ಕಡಿದಾದ ದಿಬ್ಬದ) ಮೇಲೆ ಟ್ಯಾಂಕ್ ಇದ್ದರೆ ಒತ್ತಡ ಜೋರು, ಒಗೆದ ಮೇಲೆ ನಲ್ಲಿ ಮುಚ್ಚಿಡಿ.

ಮೊದಲ ಸಲ ಬಟ್ಟೆಯಿಲ್ಲದೆ ರಿನ್ಸ್ ಮತ್ತು ಸ್ಪಿನ್ ಕೊಟ್ಟು ಪಕ್ಕದಲ್ಲೇ ನಿಂತು ನೋಡಿ. ಪೈಪಿನ ಸೇರುವೆಗೆ ಒಣ ಕಾಗದ ಒತ್ತಿದರೆ ಸಣ್ಣ ಸೋರಿಕೆಯೂ ತಿಳಿಯುತ್ತದೆ. ತೋಡಿನ (ಸಣ್ಣ ಹಳ್ಳದ) ನೀರು ಬಳಸುವವರು ಮಳೆಗಾಲದಲ್ಲಿ ಒಳಬರುವ ಪೈಪಿನ ತುದಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಹಳೆ ಟೂತ್‌ಬ್ರಶ್‌ನಿಂದ ಉಜ್ಜಬೇಕು. ಕೆಂಪು ಮಣ್ಣಿನ ಕೆಸರು ಅಲ್ಲಿ ಬೇಗ ಕಟ್ಟಿಕೊಳ್ಳುತ್ತದೆ.