ಕಾರ್ಬೊರೇಟರ್ ಆಮೇಲೆ, ಮೊದಲು ಟ್ಯಾಂಕ್ ಇಳಿಸಿ

ಅಪ್ಪ ಕಾಫಿ ಮೂಟೆ ಸಾಗಿಸುತ್ತಿದ್ದ ಮಹೀಂದ್ರಾ ಎಫ್‌ಸಿ-150 ಪಿಕಪ್ ಆರು ಮಳೆಗಾಲ ಮೂಡಿಗೆರೆಯ ನಮ್ಮ ಶೆಡ್ಡಿನಲ್ಲೇ ನಿಂತಿತ್ತು. ಅದನ್ನು ಎಬ್ಬಿಸಲು ಹೊರಟಾಗ ನಾನೂ ಎಲ್ಲರ ಹಾಗೆ, ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್‌ಗೇ ಕೈ ಹಾಕಿದೆ. ಮೂರು ಸಲ ತೊಳೆದೆ. ಮೂರು ಸಲವೂ ಗೇಟು ದಾಟುವಷ್ಟರಲ್ಲಿ ಅದರ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿತು. ತುಕ್ಕು ಬರುತ್ತಿದ್ದದ್ದು ಟ್ಯಾಂಕಿನಿಂದ.

ಟ್ಯಾಂಕ್ ಬಿಚ್ಚಿ ಬಯಲಿಗೆ ತನ್ನಿ. ಹತ್ತಿರ ಬೀಡಿ, ಒಲೆ ಯಾವುದೂ ಬೇಡ. ನಮ್ಮದರಿಂದ ಇಳಿದದ್ದು ಡಿಕಾಕ್ಷನ್ ಬಣ್ಣದ, ವಾರ್ನಿಷ್ ವಾಸನೆಯ ಪೆಟ್ರೋಲ್. ಬಿಸಿನೀರು, ವಾಷಿಂಗ್ ಸೋಡಾದಲ್ಲಿ ತೊಳೆದು, ಬಿಳಿ ವಿನೆಗರ್ ತುಂಬಿ ಎರಡು ದಿನ ಬಿಡಿ. ಒಂದು ಹಿಡಿ ನಟ್ಟು ಹಾಕಿ ಆಗಾಗ ಕುಲುಕಿಸಿ. ನಟ್ಟನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ! ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ, ಇಲ್ಲದಿದ್ದರೆ ಸಂಜೆಗೇ ಮತ್ತೆ ತುಕ್ಕು. ನಾನು ಕಾಫಿ ಕಣದಲ್ಲಿ ಬಿಸಿಲಿಗಿಟ್ಟೆ. ತೂತಿದ್ದರೆ ಸುಮ್ನೆ ವೆಲ್ಡಿಂಗ್ ಹಿಡಿಸಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ.

ಮುಚ್ಚಳದ ಗಾಳಿತೂತನ್ನೂ ನೋಡಿ. ಗಾಡಿ ಸ್ವಲ್ಪ ದೂರ ಓಡಿ ನಿಂತು, ಮುಚ್ಚಳ ತೆಗೆದಾಗ 'ಪುಸ್' ಅಂದರೆ ತೂತು ಕಟ್ಟಿದೆ ಅಂತಲೇ ಅರ್ಥ.

ಹಳೇ ರಬ್ಬರ್ ಪೈಪ್ ಒಂದನ್ನೂ ಉಳಿಸಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರು ಅದಕ್ಕೆ ಊದಿಕೊಂಡು ಬಿರಿಯುತ್ತದೆ. ಈ ಗಾಡಿಯಲ್ಲಂತೂ ಎಂಜಿನ್ ಇರುವುದು ಕ್ಯಾಬಿನ್ ಒಳಗೆ, ಎರಡು ಸೀಟಿನ ನಡುವೆ. ಸೋರಿದರೆ ಕಾಲ ಹತ್ತಿರವೇ ಪೆಟ್ರೋಲ್. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ.

ಇನ್ನು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್. ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್ ನೀರಾಗಿ ಪೆಟ್ರೋಲ್ ವಾಸನೆ ಬಂದರೆ ಪಂಪಿನೊಳಗಿನ ತೆಳು ಪೊರೆ, ಡಯಾಫ್ರಮ್, ಹರಿದು ಪೆಟ್ರೋಲ್ ಆಯಿಲ್‌ಗೆ ಇಳಿದಿರಬಹುದು. ಡಯಾಫ್ರಮ್ ಬದಲಿಸಿದ ಮೇಲೆ ಆಯಿಲ್ ಕೂಡ ಬದಲಿಸಿ. ಅದಕ್ಕೆ ಮುಂಚೆ ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ಹೋಗುತ್ತದೆ.

ಈಗ ಕಾರ್ಬೊರೇಟರ್. ಜೆಟ್‌ಗೆ ತಂತಿ ಚುಚ್ಚಬೇಡಿ, ಅಳತೆ ಕೆಡುತ್ತದೆ. ಗಾಳಿ ಹೊಡೆದರೆ ಸಾಕು. ಒಳಗೆ ಪೆಟ್ರೋಲ್ ಮೇಲೆ ತೇಲುವ ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತದಲ್ವಾ, ತೂತು ಅಲ್ಲೇ. ನಮ್ಮದು ಸರಿಯಿತ್ತು, ಫ್ಲೋಟ್ ಏರಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಮಾತ್ರ ಸವೆದಿತ್ತು.

ಪಂಪಿಗೆ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿ. ಎಷ್ಟು ತೊಳೆದರೂ ಒಂದಿಷ್ಟು ತುಕ್ಕು ಬಂದೇ ಬರುತ್ತದೆ. ಮೊದಲ ತಿಂಗಳಲ್ಲೇ ನನ್ನ ಎರಡು ಫಿಲ್ಟರ್ ಕೆಂಪಾದವು. ಮೂರನೆಯದು ಇನ್ನೂ ಬೆಳ್ಳಗಿದೆ.