ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯೇ? ಹೊಸದು ಕೊಳ್ಳುವ ಮುನ್ನ ಅಳೆದು ನೋಡಿ

ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಹೊಸದು ತಂದು ಹಾಕುತ್ತಾರೆ, ಸ್ವಲ್ಪ ದಿನ ಎಲ್ಲ ಸರಿ, ಆಮೇಲೆ ಮತ್ತೆ ಅದೇ ಟಿಕ್ ಟಿಕ್ ಸದ್ದು. ತಪ್ಪು ಬ್ಯಾಟರಿಯದೇ ಇರಬಹುದು. ಅದನ್ನು ತುಂಬಬೇಕಾದ ಆಲ್ಟರ್ನೇಟರ್, ಎರಡರ ನಡುವಿನ ವೈರು, ಇಲ್ಲವೇ ರಾತ್ರಿಯಿಡೀ ಕದ್ದು ಕರೆಂಟ್ ಎಳೆಯುವ ಡಿಕ್ಕಿಯ ಬಲ್ಬು ಕೂಡ ಕಾರಣವಾಗಿರಬಹುದು. ಯಾವುದೆಂದು ತಿಳಿಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದೆರಡು ಸ್ಪ್ಯಾನರ್, ಒಂದು ವೈರ್ ಬ್ರಷ್ ಸಾಕು.

ಕೆಳಗಿನ ಅಂಕಿಗಳು 12 ವೋಲ್ಟ್‌ನ, ನೆಗೆಟಿವ್ ಅರ್ತ್ ಇರುವ, ಅಂದರೆ ನೆಗೆಟಿವ್ ಕೇಬಲ್ ಬಾಡಿಗೆ ಸೇರಿರುವ ಗಾಡಿಗಳಿಗೆ. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಪಾಸಿಟಿವ್ ಕೇಬಲ್ಲೇ ಬಾಡಿಗೆ ಸೇರಿರುತ್ತದೆ, ಮೊದಲೇ ನೋಡಿಕೊಳ್ಳಿ. ಕೈಯಲ್ಲಿ ಉಂಗುರ, ವಾಚು ಬೇಡ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಅದೇ ಕೊನೆಗೆ.

ಮೊದಲು ಕಣ್ಣು, ಆಮೇಲೆ ಮೀಟರ್

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಕ್ಲ್ಯಾಂಪ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಸೀಸ ಹೊಳೆಯುವವರೆಗೆ ಬ್ರಷ್‌ನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಬಿಗಿದ ಮೇಲೆ ವ್ಯಾಸಲೀನ್ ಸವರಿ. ಕೈಯಲ್ಲಿ ತಿರುಗಿಸಿದರೆ ಕ್ಲ್ಯಾಂಪ್ ಅಲುಗಾಡಬಾರದು. ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟನ್ನು ಎರಡು ಪುಲ್ಲಿಗಳ ಮಧ್ಯೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ಬಾಗಬೇಕು. ಸಡಿಲ ಬೆಲ್ಟ್ ಹಗಲಲ್ಲಿ ಸುಮ್ಮನಿದ್ದು, ಹೆಡ್‌ಲೈಟ್ ಹಾಕಿದಾಗ ಕಿರುಚುತ್ತದೆ.

ಬ್ಯಾಟರಿಯ ವಿಚಾರಣೆ

ಗಾಡಿ ಕೆಲವು ಗಂಟೆ ನಿಂತಿರಲಿ, ಆಮೇಲೆ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಈಗಷ್ಟೇ ಓಡಿಸಿದ್ದರೆ ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಇಲ್ಲದಿದ್ದರೆ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. 12.6 ವೋಲ್ಟ್ ಅಥವಾ ಮೇಲೆ ಇದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಎಂದರೆ ಬಹುತೇಕ ಖಾಲಿ. ಎಷ್ಟು ಚಾರ್ಜ್ ಕೊಟ್ಟರೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಅದಕ್ಕೆ ರಿಪೇರಿ ಇಲ್ಲ.

ಈಗ ಮೀಟರ್ ಬ್ಯಾಟರಿ ಮೇಲಿರುವಾಗಲೇ ಯಾರಾದರೂ ಸೆಲ್ಫ್ ಹೊಡೆಯಲಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬಿದ ಬ್ಯಾಟರಿಯೇ 7-8ಕ್ಕೆ ಕುಸಿದರೆ ಒಂದೋ ಬ್ಯಾಟರಿ ಮುಗಿದಿದೆ, ಇಲ್ಲವೇ ಸೆಲ್ಫ್ ಮೋಟರ್ ಮಿತಿಮೀರಿ ಎಳೆಯುತ್ತಿದೆ. ಬ್ಯಾಟರಿಯಲ್ಲಿ 11.5, 12 ತೋರಿಸುತ್ತಲೇ ಇದ್ದು ಎಂಜಿನ್ ತಿರುಗದಿದ್ದರೆ ಬ್ಯಾಟರಿಯ ತಪ್ಪಿಲ್ಲ: ಕೇಬಲ್, ಅರ್ತ್ ಅಥವಾ ಸೆಲ್ಫ್‌ನ ಸಾಲೆನಾಯ್ಡ್ (ಅದಕ್ಕೆ ಕರೆಂಟ್ ಬಿಡುವ ಸ್ವಿಚ್) ನೋಡಬೇಕು.

ಚಾರ್ಜ್ ಬರುತ್ತಿದೆಯೇ?

ಎಂಜಿನ್ ಓಡಿಸಿ, 1500-2000 ಆರ್‌ಪಿಎಂಗೆ ರೇಸ್ ಕೊಟ್ಟು ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿದಾಗಲೂ 13.2ರ ಮೇಲೆ ನಿಲ್ಲಬೇಕು. ನಿಂತಾಗ ಇದ್ದ 12.4 ಹಾಗೇ ಇದ್ದರೆ ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ಚಾರ್ಜ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಒಂದೊಂದಾಗಿ ಸುಡುವುದು, ಬ್ಯಾಟರಿಯ ನೀರು ಬೇಗ ಇಂಗುವುದು ಇದರ ಗುರುತು.

ಇದೇ ಹೊತ್ತಿನಲ್ಲಿ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ. ಹೆಡ್‌ಲೈಟ್ ಉರಿಯುತ್ತಿರುವಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ಎಸಿ ಕಂಡರೆ ಆಲ್ಟರ್ನೇಟರ್‌ನ ಡಯೋಡ್ (ಎಸಿಯನ್ನು ಡಿಸಿ ಮಾಡುವ ಭಾಗ) ಹೋಗಿರುವ ಅನುಮಾನ ಬಲವಾಗುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು, 'ಗಾಡಿ ನಿಲ್ಲಲಿಲ್ಲ, ಆಲ್ಟರ್ನೇಟರ್ ಸರಿಯಿದೆ' ಎನ್ನುವ ಹಳೆಯ ಪದ್ಧತಿಯೊಂದಿದೆ. ದಯವಿಟ್ಟು ಬಿಡಿ. ಆ ಕ್ಷಣ ಏಳುವ ವೋಲ್ಟೇಜ್ ಅಲೆ ಡಯೋಡ್, ರೆಗ್ಯುಲೇಟರ್, ರೇಡಿಯೊ ಎಲ್ಲವನ್ನೂ ಸುಡಬಲ್ಲದು.

ಡ್ಯಾಶ್‌ಬೋರ್ಡ್‌ನ ಕೆಂಪು ಚಾರ್ಜ್ ಲೈಟ್ ಬರೀ ಸೂಚಕವಲ್ಲ. ಹಳೆಯ ಬಹಳಷ್ಟು ಗಾಡಿಗಳಲ್ಲಿ ಆಲ್ಟರ್ನೇಟರ್‌ನ ಒಳಗೆ ತಿರುಗುವ ರೋಟರ್‌ಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಕೀ ತಿರುಗಿಸಿ, ಎಂಜಿನ್ ಹಚ್ಚದೆ ನೋಡಿ: ಲೈಟ್ ಉರಿಯದಿದ್ದರೆ ಬಲ್ಬು, ಅದರ ವೈರು ಅಥವಾ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುವುದು ಕಾರಣ. ಸಣ್ಣ ಬಲ್ಬೊಂದು ಸುಟ್ಟದ್ದಕ್ಕೆ ಇಡೀ ಆಲ್ಟರ್ನೇಟರ್ ಬದಲಾಯಿಸಿದವರು ಉಂಟು. ಎಂಜಿನ್ ಓಡುವಾಗ ಮಂದವಾಗಿ ಉರಿದರೆ, ಅಥವಾ ಕೀ ತೆಗೆದ ಮೇಲೂ ಉರಿದರೆ ಡಯೋಡ್ ಕಡೆ ನೋಡಿ.

ಹೆಚ್ಚಿನವರು ಮಾಡದ ಪರೀಕ್ಷೆ

ಆಲ್ಟರ್ನೇಟರ್‌ನಲ್ಲಿ 14.3, ಬ್ಯಾಟರಿಯಲ್ಲಿ 13.1. ಉಳಿದದ್ದು ಎಲ್ಲಿ ಹೋಯಿತು? ನಡುವಿನ ಜೋಡಣೆಯಲ್ಲಿ ಶಾಖವಾಗಿ ಹೋಯಿತು. ಹಳೆಯ ಗಾಡಿಗಳ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲೇ ಇರುತ್ತದೆ. ಓಮ್ ಅಳತೆಯಲ್ಲಿ ಇದು ಸಿಗದು: ತುಕ್ಕು ಹಿಡಿದ ಬೋಲ್ಟ್‌ನಲ್ಲಿ 0.03 ಓಮ್ ಇದ್ದರೆ ಸಾಮಾನ್ಯ ಮೀಟರ್ ಅದನ್ನು ಸೊನ್ನೆ ಎಂದೇ ತೋರಿಸುತ್ತದೆ. ಆದರೆ 40 ಆಂಪಿಯರ್ ಹರಿಯುವಾಗ ಅದೇ ಜಾಗ 1.2 ವೋಲ್ಟ್ ನುಂಗುತ್ತದೆ. ಆದ್ದರಿಂದ ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಎಂಜಿನ್ ಓಡಲಿ, ಲೈಟು, ಬ್ಲೋವರ್ ಹಾಕಿರಲಿ. ಡಿಸಿ ವೋಲ್ಟ್‌ನಲ್ಲಿ ಮೀಟರ್‌ನ ಒಂದು ಮುಳ್ಳನ್ನು ಆಲ್ಟರ್ನೇಟರ್‌ನ ದಪ್ಪ ವೈರಿನ ಬೋಲ್ಟ್‌ಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಇಡಿ. ಕ್ಲ್ಯಾಂಪ್‌ಗಲ್ಲ, ಸೀಸದ ಕಂಬಕ್ಕೇ. 0.3 ವೋಲ್ಟ್‌ವರೆಗೆ ಪರವಾಗಿಲ್ಲ. ನಂತರ ನೆಗೆಟಿವ್ ಕಂಬದಿಂದ ಆಲ್ಟರ್ನೇಟರ್ ಬಾಡಿಗೆ: 0.2 ಮೀರಬಾರದು. ಮೀರಿದರೆ ಒಂದೊಂದೇ ಜೋಡಣೆಯ ಆಚೆ-ಈಚೆ ಅಳೆಯುತ್ತ ಬನ್ನಿ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿಯೇ ಸಾಮಾನ್ಯ ಅಪರಾಧಿ. ಬಿಚ್ಚಿ, ಬಣ್ಣ-ತುಕ್ಕು ಕೆರೆದು, ಬಿಗಿ ಮಾಡಿ.

ರಾತ್ರಿ ಕದಿಯುವವರು ಯಾರು?

ಚಾರ್ಜ್ ಸರಿಯಿದ್ದೂ ನಿಂತಲ್ಲೇ ಬ್ಯಾಟರಿ ಇಳಿದರೆ ಸೋರಿಕೆ ಹುಡುಕಬೇಕು. ಎಲ್ಲ ಆರಿಸಿ, ನೆಗೆಟಿವ್ ಕೇಬಲ್ ಬಿಚ್ಚಿ, ಕಂಬ ಮತ್ತು ಕೇಬಲ್ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಜೋಡಿಸಿ. ಆಗ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟ್ ಹಾಕಬೇಡಿ. ಮೀಟರ್‌ನ ಫ್ಯೂಸ್ ಹೋಗುತ್ತದೆ. ಬರೀ ಗಡಿಯಾರ, ರೇಡಿಯೊ ಇರುವ ಗಾಡಿಯಲ್ಲಿ 50 ಮಿಲಿಆಂಪಿಯರ್ ಒಳಗೆ ಇರಬೇಕು. 500 ತೋರಿಸಿದರೆ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ; 45ರ ಬ್ಯಾಟರಿ ನಾಲ್ಕನೇ ದಿನಕ್ಕೆ ಮಲಗುತ್ತದೆ.

ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಅಂಕಿ ಧಡಕ್ಕನೆ ಇಳಿದ ಫ್ಯೂಸ್‌ನ ಸಾಲಿನಲ್ಲೇ ಕಳ್ಳನಿದ್ದಾನೆ. ಯಾವುದನ್ನು ಕಿತ್ತರೂ ಇಳಿಯದಿದ್ದರೆ ಫ್ಯೂಸ್ ಇಲ್ಲದ ದಾರಿಗಳು ಉಳಿದವು: ಬ್ಯಾಟರಿ ಪೂರ್ತಿ ಬಿಚ್ಚಿ, ಆಲ್ಟರ್ನೇಟರ್‌ನ ದಪ್ಪ ವೈರ್ ತೆಗೆದು ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಈಗ ಇಳಿದರೆ ಡಯೋಡ್.

ತೊಂದರೆ ಸಿಕ್ಕಿ ಸರಿಯಾದ ಮೇಲೂ ಪೂರ್ತಿ ಇಳಿದ ಬ್ಯಾಟರಿಯನ್ನು ತುಂಬುವ ಕೆಲಸ ಆಲ್ಟರ್ನೇಟರ್‌ಗೆ ಹೊರಿಸಬೇಡಿ, ಅದು ಬಿಸಿಯಾಗಿ ಕೆಡುತ್ತದೆ. ಬ್ಯಾಟರಿ ಇಳಿಸಿ, ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್‌ನಲ್ಲಿ, ಅಂದರೆ 45ರ ಬ್ಯಾಟರಿಗೆ 4.5 ಆಂಪಿಯರ್‌ನಂತೆ, 10-12 ಗಂಟೆ ಚಾರ್ಜರ್‌ಗೆ ಹಾಕಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಅಳೆಯಿರಿ, 12.4ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಕೊಳ್ಳಬಹುದು.